‘ಬರುವವರಿಗೇ ಹಾಕೋಣ’ ಎನ್ನುವ ಮಾತು ಎಲ್ಲಿಂದ ಹುಟ್ಟುತ್ತದೆ?

ಪ್ರಶ್ನೆ: ತುಂಗಾತೀರ

2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ಮನೆಯ ಐದು ಮತಗಳ ಪೈಕಿ ನಾಲ್ಕು ಯಾರಿಗೆ ಹೋದವೋ, ಅವರನ್ನು ಮನೆಯಲ್ಲಿ ಯಾರೂ ಮನಸಾರೆ ಮೆಚ್ಚಿದವರಲ್ಲ. ಎಲ್ಲರಿಗೂ ಹಿಡಿಸಿದ್ದವರು ಒಬ್ಬ ಪಕ್ಷೇತರ ಅಭ್ಯರ್ಥಿ. ಆದರೆ ಮತದಾನದ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ, “ಅವನು ಒಳ್ಳೆಯವನೇ, ಆದರೆ ಬರುವುದಿಲ್ಲವಲ್ಲ, ಓಟು ಯಾಕೆ ಹಾಳು ಮಾಡುವುದು?” ಎಂದರು. ಮಾತು ಅಲ್ಲಿಗೆ ಮುಗಿಯಿತು. ಇದು ಮತದಾರನ ಅಂಜಿಕೆಯೋ, ಮತ ಎಣಿಸುವ ಪದ್ಧತಿಯ ಫಲವೋ, ಅಥವಾ ಪಕ್ಷಗಳ ಪ್ರಚಾರ ನಮ್ಮ ತಲೆಯೊಳಗೆ ಮಾಡಿದ ಕೆಲಸವೋ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ಉಪನ್ಯಾಸಕ

ನಿಮ್ಮ ತಾಯಿಯವರದು ಅಂಜಿಕೆಯಲ್ಲ, ಲೆಕ್ಕಾಚಾರ. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವರು ಗೆಲ್ಲುತ್ತಾರೆ, ಉಳಿದವರಿಗೆ ಬಿದ್ದ ಮತಗಳಿಗೆ ಸದನದಲ್ಲಿ ಯಾವ ಬೆಲೆಯೂ ಇರುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಅಕ್ಷರಶಃ ಒಂದೇ ಮತದಿಂದ.

ಇದರ ಪರಿಣಾಮ ರಾಜ್ಯದ ಮಟ್ಟದಲ್ಲಿ ಎಷ್ಟು ವಿಚಿತ್ರವಾಗಿರುತ್ತದೆ ಎಂಬುದಕ್ಕೆ ನಮ್ಮ ಕಳೆದ ಮೂರು ವಿಧಾನಸಭಾ ಚುನಾವಣೆಗಳೇ ಸಾಕು. 2013ರಲ್ಲಿ ಕಾಂಗ್ರೆಸ್ ಶೇ. 36ಕ್ಕಿಂತ ತುಸು ಹೆಚ್ಚು ಮತ ಪಡೆದು 122 ಸ್ಥಾನ ಗೆದ್ದಿತು. 2018ರಲ್ಲಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಮತ ಬಿಜೆಪಿಗೆ 104 ಸ್ಥಾನ ತಂದುಕೊಟ್ಟರೆ, ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ಸು ಅದಕ್ಕಿಂತ ಹಿಂದೆ ಉಳಿಯಿತು. 2023ರಲ್ಲಿ ಬಿಜೆಪಿ ಮತ್ತೆ ಶೇ. 36ರ ಆಸುಪಾಸಿನಲ್ಲೇ ಇತ್ತು, ಆದರೆ ಕೈಗೆ ಬಂದದ್ದು 66 ಸ್ಥಾನ. ಆ ಪಕ್ಷದ ಮತಗಳು ಕರಗಿರಲಿಲ್ಲ. ಜೆಡಿಎಸ್ ಮತ ಶೇ. 18ರಿಂದ 13ಕ್ಕೆ ಇಳಿದು ಎದುರಾಳಿ ಕಾಂಗ್ರೆಸ್ ಶೇ. 43ರ ಹತ್ತಿರ ಬಂದಿತ್ತು, ಅಷ್ಟೆ. 2013ರಲ್ಲಿಯೂ ಹೀಗೆಯೇ: ಬಿಜೆಪಿ ಬಿಟ್ಟು ಬಂದ ಯಡಿಯೂರಪ್ಪನವರ ಕೆಜೆಪಿ ಶೇ. 10ರಷ್ಟು ಮತ ಪಡೆದು ತಾನು ಗೆದ್ದದ್ದು ಕೇವಲ ಆರು ಸ್ಥಾನ, ಆದರೆ ಬಿಜೆಪಿಯನ್ನು 40ಕ್ಕೆ ಇಳಿಸಿತು. ಎದುರಿನ ಮತ ಎಷ್ಟು ಪಾಲಾಗಿದೆ ಎಂಬುದರ ಮೇಲೆ ಸೋಲು ಗೆಲುವು ನಿಂತಿರುವಾಗ, ಮತದಾರ ತನಗೆ ಯಾರು ಇಷ್ಟ ಎಂಬುದಕ್ಕಿಂತ ಮೊದಲು ಪಕ್ಕದ ಮನೆಯವರು ಏನು ಮಾಡುತ್ತಾರೆ ಎಂದು ಊಹಿಸುವುದು ಸಹಜ.

ಉತ್ತರ: ಬೂತ್ ಮಟ್ಟದವ

ಮೇಲಿನವರ ಅಂಕಿಗಳು ಸರಿ. ಆದರೆ ಆ ಊಹೆ ತಾನಾಗಿ ಹುಟ್ಟುವುದಿಲ್ಲ, ಅದನ್ನು ನಾವು ಹುಟ್ಟಿಸುತ್ತೇವೆ. ಮೂರು ಚುನಾವಣೆಗಳಲ್ಲಿ ಒಂದು ಪಕ್ಷಕ್ಕೆ ಬೂತ್ ಏಜೆಂಟ್ ಆಗಿದ್ದವನಾಗಿ ಹೇಳುತ್ತಿದ್ದೇನೆ. ಜನ ಪ್ರಣಾಳಿಕೆಯ ಬಗ್ಗೆ ಕೇಳುವುದು ಅಪರೂಪ, “ಹವಾ ಯಾರದು?” ಎಂದು ಕೇಳದವರಿಲ್ಲ. ಬೈಕ್ ರ್‍ಯಾಲಿ, ಸೇರ್ಪಡೆ ಕಾರ್ಯಕ್ರಮ, ಊರಬಾಗಿಲಿನ ಬ್ಯಾನರ್ ಎಲ್ಲವೂ ಉತ್ತರಿಸುವುದು ಆ ಒಂದು ಪ್ರಶ್ನೆಗೆ. ಮತದಾನದ ದಿನ ಮತಗಟ್ಟೆಯಿಂದ ತುಸು ದೂರದಲ್ಲಿ ನಾವು ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು, ಮತದಾರರ ಪಟ್ಟಿಯಲ್ಲಿ ಕ್ರಮಸಂಖ್ಯೆ ಹುಡುಕಿ ಚೀಟಿ ಬರೆದು ಕೊಡುತ್ತೇವೆ. ಪಕ್ಷೇತರರ ಮೇಜು ಅಲ್ಲಿ ಇರುವುದೇ ಇಲ್ಲ, ಇದ್ದರೂ ಹನ್ನೊಂದು ಗಂಟೆಯ ಹೊತ್ತಿಗೆ ಖಾಲಿಯಾಗಿರುತ್ತದೆ. ಆ ಖಾಲಿ ಕುರ್ಚಿ ನೋಡಿ ಮನಸ್ಸು ಬದಲಿಸಿದವರನ್ನು ನಾನೇ ಕಂಡಿದ್ದೇನೆ.

ಇನ್ನು 2023ರ ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡುಗಳು. ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ, 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಎಂಬ ಭರವಸೆಗಳನ್ನು ಭಾಷಣದಲ್ಲಿ ಹೇಳಿ ಬಿಡದೆ, ನಾಯಕರ ಸಹಿ ಹಾಕಿದ ಕಾರ್ಡಾಗಿ ಮನೆಮನೆಗೆ ಮುಟ್ಟಿಸಿದರು. ನಮ್ಮದು ಎದುರಿನ ಪಕ್ಷ, ಆದರೂ ಒಪ್ಪಲೇಬೇಕು: ಸಿಲಿಂಡರ್ ಪುಸ್ತಕದ ಜೊತೆಗೆ ಕಾರ್ಡನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದ ಮನೆಯಲ್ಲಿ ನಮ್ಮ ಮಾತು ನಡೆಯಲಿಲ್ಲ.

ಉತ್ತರ: ಪದವೀಧರ ಮತದಾರ್ತಿ

ಪದ್ಧತಿ ಬದಲಾದರೆ ಆಯ್ಕೆ ಬದಲಾಗುತ್ತದೆಯೇ ಎಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳಲ್ಲಿ ಮತಯಂತ್ರದ ಗುಂಡಿ ಇಲ್ಲ. ಮತಗಟ್ಟೆಯಲ್ಲೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಸಿಂಧು ಮತ ಬಾರದಿದ್ದರೆ, ಕೊನೆಯಲ್ಲಿರುವವರನ್ನು ಕೈಬಿಟ್ಟು ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚುತ್ತಾರೆ. ಹಾಗಾಗಿ ಮೆಚ್ಚಿದ ಪಕ್ಷೇತರರಿಗೆ 1 ಎಂದೂ, ಬರಬಹುದಾದವರಲ್ಲಿ ವಾಸಿ ಎನಿಸಿದವರಿಗೆ 2 ಎಂದೂ ನಾನು ನಿಶ್ಚಿಂತೆಯಿಂದ ಬರೆದೆ. ಆದರೆ ಪಕ್ಷದ ಕಾರ್ಯಕರ್ತರು ಫೋನಿನಲ್ಲಿ ಹೇಳಿಕೊಟ್ಟದ್ದು ಬೇರೆ: “ಮೇಡಂ, ನಮ್ಮವರಿಗೆ 1 ಹಾಕಿ, ಬೇರೆ ಏನೂ ಬರೆಯಬೇಡಿ.” ಪದ್ಧತಿ ತೆರೆದ ಬಾಗಿಲನ್ನು ಪ್ರಚಾರ ಮುಚ್ಚಲು ನೋಡುತ್ತದೆ ಎಂಬುದು ನನಗೆ ಅಂದು ಹೊಳೆಯಿತು.

ಉತ್ತರ: ನಿವೃತ್ತ ಉಪನ್ಯಾಸಕ

ಬೂತ್ ಮಟ್ಟದವರ ಮಾತಿಗೆ ಒಂದು ತಕರಾರು. ಹವಾ ಎಬ್ಬಿಸಿದರೆ ಜನ ಅತ್ತ ವಾಲುತ್ತಾರೆ ಎಂಬುದು ಪೂರ್ತಿ ನಿಜವಾಗಿದ್ದರೆ 1985 ಸಂಭವಿಸುತ್ತಿರಲಿಲ್ಲ. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ಬೆನ್ನಲ್ಲೇ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಹೋದವು. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದಾಗ, ಮೂರೇ ತಿಂಗಳಲ್ಲಿ ಅದೇ ಮತದಾರರು ವಿಧಾನಸಭೆಯಲ್ಲಿ ಅವರ ಪಕ್ಷಕ್ಕೆ 139 ಸ್ಥಾನ ಕೊಟ್ಟರು. 2023ರಲ್ಲಿ 135 ಸ್ಥಾನ ಗೆದ್ದ ಕಾಂಗ್ರೆಸ್ಸಿಗೆ 2024ರ ಲೋಕಸಭೆಯಲ್ಲಿ ಸಿಕ್ಕಿದ್ದು ಒಂಬತ್ತು. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂಬ ವ್ಯತ್ಯಾಸ ಮತದಾರರಿಗೆ ಚೆನ್ನಾಗಿ ಗೊತ್ತಿದೆ.

ಪ್ರಶ್ನೆ ಕೇಳಿದವರಿಂದ: ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಇವನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಾದರೂ ಪಕ್ಷದ ಚಿಹ್ನೆ ಇರುವುದಿಲ್ಲ, ಅಲ್ಲಿ ಮೆಚ್ಚಿದವರಿಗೇ ಹಾಕುತ್ತೀಯಲ್ಲವೇ ಎಂದು ಕೇಳಿದೆ. ಅಮ್ಮ ನಕ್ಕರು. ಕಳೆದ ಸಲ ಬಂದ ಕರಪತ್ರದಲ್ಲಿ ಪಕ್ಷದ ಹೆಸರು ಇರಲಿಲ್ಲವಂತೆ, ಆದರೆ ಅದನ್ನು ಹಂಚಲು ಬಂದವರು ಯಾರೆಂದು ನೋಡಿಕೊಂಡೇ ಅವರು ಬಾಗಿಲು ತೆರೆದದ್ದಂತೆ.