ಚಿಕಿತ್ಸೆ ಕೊಡಿಸುತ್ತೇನೆ ಅಂತ ಕೋರ್ಟಿಗೆ ಮುಚ್ಚಳಿಕೆ ಕೊಟ್ಟಾಗಿದೆ, ತಮ್ಮ ಗುಳಿಗಿ ನುಂಗವಲ್ಲ

ಪ್ರಶ್ನೆ (ಸಿಂಧನೂರು): ತಮ್ಮಗ ಸ್ಕಿಜೋಫ್ರೇನಿಯಾ ಅನ್ನೋ ಮನಸ್ಸಿನ ಕಾಯಿಲಿ ಐತ್ರಿ. ಹೊಡೆದಾಟದ ಕೇಸಿನ್ಯಾಗ ಬೇಲ್ ಸಿಕ್ಕೈತಿ. ಹತ್ತಿರದ ಆಸ್ಪತ್ರೆಗೆ ತಪ್ಪದೆ ತೋರಿಸ್ತೀನಿ ಅಂತ ನಾನು ಬರೆದುಕೊಟ್ಟೀನಿ. ಈಗ ಗುಳಿಗಿ ಒಲ್ಲೆ ಅಂತಾನ. ಪೊಲೀಸರಿಂದ ಹಿಡಿಸಿ ಇಂಜೆಕ್ಷನ್ ಹಾಕಿಸಬಹುದೇನ್ರಿ?

ವಕೀಲರು: ಬರಂಗಿಲ್ರಿ. ನೀವು ಬರೆದುಕೊಟ್ಟದ್ದು ಬಿಎನ್‌ಎಸ್‌ಎಸ್ (ಈಗಿನ ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆ) ಕಲಂ 369ರ ಮುಚ್ಚಳಿಕೆ. 2024ರ ಜುಲೈ 1ಕ್ಕೆ ಮುಂಚೆ ಅದು ಹಳೆಯ ಕಾಯ್ದೆ ಸಿಆರ್‌ಪಿಸಿಯ ಕಲಂ 330 ಆಗಿತ್ತು. ಒಳರೋಗಿಯಾಗಿ ಇಡಲೇಬೇಕಾದ ಸ್ಥಿತಿ ಇಲ್ಲದಿದ್ದಾಗ, ಬಂಧುವೋ ಗೆಳೆಯನೋ ಎರಡು ಹೊಣೆ ಹೊತ್ತರೆ ಬಿಡುತ್ತಾರೆ: ಹೊರರೋಗಿ ಚಿಕಿತ್ಸೆ ಬಿಡದೆ ಕೊಡಿಸುವುದು, ಆತ ತನಗಾಗಲಿ ಇನ್ನೊಬ್ಬರಿಗಾಗಲಿ ಗಾಯ ಮಾಡದಂತೆ ನೋಡಿಕೊಳ್ಳುವುದು. ಹೊಣೆ ನಿಮ್ಮದು. ತಮ್ಮನ ಕೈಕಾಲು ಹಿಡಿದು ಸೂಜಿ ಚುಚ್ಚುವ ಅಧಿಕಾರ ಆ ಕಾಗದದಿಂದ ಯಾರಿಗೂ ಬರುವುದಿಲ್ಲ. ಹೊರರೋಗಿ ಚಿಕಿತ್ಸೆಗೆ ಕೋರ್ಟೇ ಆದೇಶ ಮಾಡುವ ಕಾಯ್ದೆ ನ್ಯೂಯಾರ್ಕ್‌ನಲ್ಲಿ 1999ರಿಂದ ಇದೆ. ಅಲ್ಲಿಯೂ ಒಲ್ಲೆ ಎಂದವರಿಗೆ ಬಲವಂತದ ಔಷಧಿ ಇಲ್ಲ. 72 ಗಂಟೆವರೆಗೆ ಆಸ್ಪತ್ರೆಯಲ್ಲಿಟ್ಟು ಪರೀಕ್ಷಿಸಬಹುದು, ಅಷ್ಟೇ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅಂಥ ಆದೇಶವೂ ಇಲ್ಲ.

ಇನ್ನೊಂದು, ಕೇಸು ಮುಗಿದಿಲ್ಲ. ತಮ್ಮ ಸುಧಾರಿಸಿದ ಮೇಲೆ ವಿಚಾರಣೆ ಮತ್ತೆ ಶುರುವಾಗುತ್ತದೆ. ಪ್ರತಿ ಭೇಟಿಯ ಒಪಿಡಿ ಚೀಟಿ, ಔಷಧಿ ಚೀಟಿ ತಾರೀಖಿನ ಪ್ರಕಾರ ಜೋಡಿಸಿ, ಜೆರಾಕ್ಸ್ ತೆಗೆದಿಡಿ. ಒಂದು ಭೇಟಿ ತಪ್ಪಿದರೆ ಕಾರಣವನ್ನು ಅವತ್ತೇ ಬರೆದು ನಿಮ್ಮ ವಕೀಲರ ಕೈಗೆ ಕೊಡಿ. ಚೀಟಿ ಇಲ್ಲದೆ ನಿಂತರೆ ನೀವು ಕೊಡಿಸಿದ ಚಿಕಿತ್ಸೆಯೂ ಕೊಡಿಸದಂತೆಯೇ ಕಾಣುತ್ತದೆ.

ಮನೋವೈದ್ಯರು: ಯಾಕೆ ಒಲ್ಲೆ ಅಂತಾನೆ, ಮೊದಲು ಕೇಳಿದ್ದೀರಾ? ಮೈ ಬಿಗಿಯುವುದು, ಕೈ ನಡುಕ, ಜೊಲ್ಲು, ಕುಂತಲ್ಲಿ ಕೂರಲಾಗದ ಚಡಪಡಿಕೆ, ಇವು ಬಹಳ ಸಲ ನಿಜವಾದ ಕಾರಣ. ಮನೆಯವರು ಹಟ ಅಂದುಕೊಳ್ಳುತ್ತಾರೆ. ಡೋಸ್ ಇಳಿಸಿದರೆ ಅಥವಾ ಔಷಧಿ ಬದಲಿಸಿದರೆ ಹಲವರು ಮತ್ತೆ ನುಂಗುತ್ತಾರೆ. ದಿನಾ ಗುಳಿಗಿ ಬೇಡವೆಂದರೆ ದೀರ್ಘಕಾಲದ ಇಂಜೆಕ್ಷನ್ ಇದೆ: ಫ್ಲೂಫೆನಜಿನ್ ಡೆಕನೋಯೇಟ್, ಮೊದಲು 12.5 ಮಿ.ಗ್ರಾಂ. ಕೊಟ್ಟು ಮೈಗೆ ಒಗ್ಗುತ್ತದೆಯೇ ನೋಡಿ, ಆಮೇಲೆ ಸಾಮಾನ್ಯವಾಗಿ 25 ಮಿ.ಗ್ರಾಂ., 2ರಿಂದ 4 ವಾರಕ್ಕೊಮ್ಮೆ. ಆತನ ಒಪ್ಪಿಗೆ ಬೇಕು. ಇಂಜೆಕ್ಷನ್ ತಪ್ಪಿದ್ದು ಅದೇ ದಿನ ಗೊತ್ತಾಗುತ್ತದೆ; ಗುಳಿಗಿ ತಪ್ಪಿದ್ದು ತಿಂಗಳಾದರೂ ಗೊತ್ತಾಗದೆ ಹೋಗಬಹುದು.

ಸಾರಿನಲ್ಲಿ ಗುಳಿಗಿ ಕಲಸಬೇಡಿ. ಎಷ್ಟು ಹೊಟ್ಟೆಗೆ ಹೋಯಿತೆಂಬ ಲೆಕ್ಕ ಸಿಗದು. ತನಗೆ ವಿಷ ಹಾಕುತ್ತಾರೆಂಬ ಸಂಶಯ ಇರುವವನಿಗೆ ಅದು ಗೊತ್ತಾದರೆ ಮನೆಯ ಊಟವನ್ನೇ ಬಿಡುತ್ತಾನೆ.

ನಮ್ಮ ಕಡೆ ಬೇಸಿಗೆಯ ಮಾತೂ ಹೇಳಬೇಕು. ಮೈಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರು ತಗ್ಗಿಸುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಮಧ್ಯಾಹ್ನ ಹೊಲಕ್ಕೆ ಕಳಿಸಬೇಡಿ.

ಪ್ರಶ್ನೆ: ದೀಪಾವಳಿ ಆದಮ್ಯಾಲೆ ಮನಿಮಂದಿ ಎಲ್ಲಾ ಬೆಂಗಳೂರಿಗೆ ಗುಳೆ ಹೋಗ್ತೀವ್ರಿ. ಅಲ್ಲಿ ಹುಚ್ಚು ಹೆಚ್ಚಾದ್ರ?

ಮನೋವೈದ್ಯರು: 'ಹುಚ್ಚು' ಬೇಡ, ಕಾಯಿಲೆ ಅನ್ನೋಣ. ಚಿಕಿತ್ಸೆ ತಪ್ಪುವುದು ಹೆಚ್ಚಾಗಿ ಗುಳೆಯಲ್ಲೇ. ಹೊರಡುವ ಮುಂಚೆ ಔಷಧಿ ಹೆಸರು, ಡೋಸ್, ಮುಂದಿನ ಇಂಜೆಕ್ಷನ್ ತಾರೀಖು ಬರೆದ ರೆಫರಲ್ ಪತ್ರ ತಗೊಳ್ಳಿ. ಊರಲ್ಲಿದ್ದಾಗ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಸಾಕು. ನಡುವೆ ಏನಾದರೂ ಕೇಳಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416.

ವಕೀಲರು: ಜಿಲ್ಲೆ ಬಿಟ್ಟು ಹೋಗಬಾರದೆಂಬ ಷರತ್ತು ಬೇಲ್ ಆದೇಶದಲ್ಲಿದೆಯೇ ಓದಿಸಿ. ಇದ್ದರೆ ಮೊದಲು ಅನುಮತಿ, ಆಮೇಲೆ ಬಸ್ಸು. ವಕೀಲರ ಖರ್ಚು ಕಷ್ಟವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ನೆರವು ಉಚಿತ.

ತೀರಾ ಉಲ್ಬಣಿಸಿ ಜೀವಕ್ಕೆ ಅಪಾಯವೆಂದರೆ ಯಾವ ನೋಂದಾಯಿತ ವೈದ್ಯರಾದರೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಕಲಂ 94ರಲ್ಲಿ 72 ಗಂಟೆವರೆಗೆ ತುರ್ತು ಚಿಕಿತ್ಸೆ ಕೊಡಬಹುದು. ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ರೋಗಿ ತನ್ನ ಪರವಾಗಿ ಹೆಸರಿಸಿದವರು, ಹತ್ತಿರದಲ್ಲಿದ್ದರೆ ಅವರ ಒಪ್ಪಿಗೆ ಬೇಕು. ಆಸ್ಪತ್ರೆಗೆ ದಾಖಲಿಸಲೇಬೇಕಾದರೆ ಅದೇ ಕಾಯ್ದೆಯ ಕಲಂ 89: ಅರ್ಜಿ ಕೊಡುವವರು ಅದೇ ಪ್ರತಿನಿಧಿ, ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ನೋಡಿರಬೇಕು, ಹೆಚ್ಚೆಂದರೆ 30 ದಿನ. ಮನೆಯಲ್ಲಾಗಲಿ ದರ್ಗಾದಲ್ಲಾಗಲಿ ಸರಪಳಿ ಹಾಕಿ ಕಟ್ಟಬೇಡಿ.

ಪ್ರಶ್ನೆ: ಪ್ರತಿನಿಧಿ ಅಂದ್ರ ನಾನೇ ಏನ್ರಿ?

ವಕೀಲರು: ತಮ್ಮ ನೆಟ್ಟಗಿರುವ ದಿನ ಬಿಳಿ ಹಾಳೆಯಲ್ಲಿ ನಿಮ್ಮ ಹೆಸರು ಬರೆದು ಸಹಿ ಹಾಕಿದರೆ ನೀವೇ. ಈ ವಾರವೇ ಬರೆಸಿಕೊಳ್ಳಿ.