ಗೋಳಗುಮ್ಮಟದ ಕಲ್ಲು, ಬ್ಯಾರನ್ ದ್ವೀಪದ ಬೆಂಕಿ: ಎರಡಕ್ಕೂ ಒಂದೇ ಕಾರಣವೇ?

ಪ್ರಶ್ನೆ (ವಿಜಯಪುರದ ಶಿಕ್ಷಕಿ): ನಮಸ್ಕಾರ ಸರ್. ಗೋಳಗುಮ್ಮಟದ ಕಪ್ಪು ಕಲ್ಲು ಲಾವಾದಿಂದ ಆದದ್ದೆಂದು ಒಂಬತ್ತನೆಯ ತರಗತಿಯಲ್ಲಿ ಹೇಳಿದೆ. ಒಬ್ಬ ಹುಡುಗಿ ಎದ್ದು, "ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ ಆದಂತೆ ಇಲ್ಲಿಯೂ ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗಿತ್ತೇ?" ಎಂದಳು. ಏನು ಹೇಳಲಿ?

ಉತ್ತರ (ಭೂವಿಜ್ಞಾನಿ): ಅಕ್ಕಾವರೇ, ಮೊದಲು ಅವಳಿಗೆ ಶಹಬ್ಬಾಸ್ ಹೇಳಿ. ಇಲ್ಲಿ ಹಾಗಾಗಿಲ್ಲ. ನಮ್ಮ ದಖ್ಖನ್ ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಪದರ ಪದರವಾಗಿ ಹರಡಿದ ಲಾವಾ. ಆಗ ಭಾರತ ಸಾಗುತ್ತಿದ್ದದ್ದು ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಡಿ ಇರುವ ಬಿಸಿತಾಣದ (ಆಳದಿಂದ ಕಾವು ಉಕ್ಕುವ ಜಾಗದ) ಮೇಲೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ.

ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳೇ ಭೂಫಲಕಗಳು. ಅಂಡಮಾನಿನಲ್ಲಿ ಭಾರತದ ಫಲಕ ಕಡಲತಳದ ಕಂದಕದಲ್ಲಿ ಬರ್ಮಾ ಫಲಕದ ಅಡಿಗೆ ಇಳಿಯುತ್ತಿದೆ. ಇಳಿದ ಫಲಕವೇ ಕರಗಿ ಲಾವಾ ಆಗುತ್ತದೆ ಎಂದು ಗೈಡುಗಳಲ್ಲಿ ಬರೆದಿರುತ್ತಾರೆ. ಓದಿದಾಗಲೆಲ್ಲ ನನಗೆ ಕಿರಿಕಿರಿ. ಆ ಫಲಕ ಸುತ್ತಲಿನ ಬಂಡೆಗಿಂತ ತಣ್ಣಗಿರುತ್ತದೆ. ಆದರೆ ಕೋಟ್ಯಂತರ ವರ್ಷ ಕಡಲಡಿ ಇದ್ದದ್ದರಿಂದ ಅದರ ಖನಿಜಗಳಲ್ಲಿ ನೀರು ಸೇರಿಕೊಂಡಿರುತ್ತದೆ. ಸುಮಾರು 100 ಕಿ.ಮೀ. ಆಳ ತಲುಪುವಷ್ಟರಲ್ಲಿ ಒತ್ತಡ, ಕಾವು ಏರಿ ಆ ನೀರು ಹೊರಬಿದ್ದು ಮೇಲಿನ ಮ್ಯಾಂಟಲ್ (ಹೊರಚಿಪ್ಪಿನ ಕೆಳಗಿನ ದಪ್ಪ ಪದರ) ಬಂಡೆಗೆ ಸೇರುತ್ತದೆ. ನೀರು ಸೇರಿದ ಬಂಡೆ ಕಡಿಮೆ ಕಾವಿಗೇ ಕರಗುತ್ತದೆ. ಅಷ್ಟು ಆಳಕ್ಕೆ ಓರೆಯಾಗಿ ಇಳಿಯಬೇಕಾದ್ದರಿಂದಲೇ ಜ್ವಾಲಾಮುಖಿಗಳ ಸಾಲು ಕಂದಕದ ಮಗ್ಗುಲಲ್ಲಿರದೆ ದೂರದಲ್ಲಿ, ಅದರ ಬಾಗಿಗೆ ತಕ್ಕಂತೆ ಬಾಗಿ ಏಳುತ್ತದೆ. ಪೋರ್ಟ್ ಬ್ಲೇರ್ (ಈಗ ಶ್ರೀ ವಿಜಯಪುರಂ) ಇರುವ ದೊಡ್ಡ ದ್ವೀಪಗಳು ಜ್ವಾಲಾಮುಖಿಗಳಲ್ಲ. ಬಹುಪಾಲು ಕಡಲತಳದಿಂದ ಕೆರೆದು ಒಟ್ಟಿದ ಕೆಸರು, ಬಂಡೆಗಳು. ಜ್ವಾಲಾಮುಖಿ ದ್ವೀಪಗಳಾದ ಬ್ಯಾರನ್, ನಾರ್ಕೊಂಡಂ ಅವುಗಳ ಪೂರ್ವಕ್ಕಿವೆ. ಬ್ಯಾರನ್ 1787ರಲ್ಲಿ ಉಗುಳಿದ್ದು ದಾಖಲೆಯಲ್ಲಿದೆ; ಹತ್ತೊಂಬತ್ತನೆಯ ಶತಮಾನದಲ್ಲಿ ತಣ್ಣಗಾಗಿ 1991ರಲ್ಲಿ ಮತ್ತೆ ಎದ್ದಿತು.

ಪ್ರಶ್ನೆ (ಬಾಗಲಕೋಟೆಯ ಓದುಗ): ಸರ್, 2021ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ನೆಲ ನಡುಗಿತಲ್ಲ, ಅದಕ್ಕೂ ಇದೇ ಕಾರಣವೇ?

ಉತ್ತರ: ಅಲ್ಲ ಸರ್. ಇಳಿಯುವ ಫಲಕ ಮೇಲಿನದಕ್ಕೆ ಕಚ್ಚಿಕೊಂಡು, ಶತಮಾನಗಳ ಕಾಲ ಅದನ್ನು ಬಾಗಿಸಿ, ಒಮ್ಮೆಲೇ ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದನ್ನು 2004ರ ಡಿಸೆಂಬರ್ 26ರಂದು ಸುನಾಮಿ ಎಬ್ಬಿಸಿದ ಭೂಕಂಪದಲ್ಲಿ ಕಂಡಿದ್ದೇವೆ. ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪದ ಹವಳ ನೀರಿನಿಂದ ಮೇಲೆದ್ದಿತು. ನಿಕೋಬಾರಿನ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ದೀಪಸ್ತಂಭದ ಬುಡ ಕಡಲು ಸೇರಿತು. ನಮ್ಮ ಜಿಲ್ಲೆಗಳಿಂದ ಫಲಕದ ಅಂಚು ಸಾವಿರಕ್ಕೂ ಹೆಚ್ಚು ಕಿ.ಮೀ. ದೂರ. ಭಾರತ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಒತ್ತುತ್ತಿರುವುದರಿಂದ ಒಳನಾಡಿನ ಹಳೆಯ ಬಿರುಕುಗಳೂ ಆಗಾಗ ಜರುಗುತ್ತವೆ. 1993ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪವೂ ಇಂಥ ಒಳನಾಡಿನದೇ. ಆದ್ದರಿಂದ ಇಲ್ಲಿ ಜ್ವಾಲಾಮುಖಿಯ ಭಯ ಬೇಡ, ಮನೆಯ ಮಣ್ಣು-ಕಲ್ಲಿನ ಗೋಡೆ ಗಟ್ಟಿ ಇದೆಯೇ ನೋಡಿಕೊಳ್ಳಿ. ಕಿಲ್ಲಾರಿಯಲ್ಲಿ ಜನರ ಮೇಲೆ ಬಿದ್ದದ್ದು ಅಂಥ ಗೋಡೆಗಳೇ.