ಓದುಗರ ಸ್ಪಂದನ: ‘ಇಂಥ ಮನೆಯಿಂದ ಬಂದವರು ಮೇಲೆ ಬರ್ತಾರಾ?’

(ಮುಂಬಯಿಯ ಭಾಂಡುಪ್‌ನ 21ರ ಓದುಗಿಯೊಬ್ಬರು ಬರೆದಿದ್ದರು: ಅಪ್ಪನಿಗೆ ದಿನವೂ ಕುಡಿತ. ಅಮ್ಮ ಆ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸುತ್ತಾರೆ. ‘ನೀನು ಹುಟ್ಟಿದ್ದೇ ದಂಡ’ ಅನ್ನುತ್ತಾರೆ. ಬಿ.ಕಾಂ. ಕೊನೆಯ ವರ್ಷ. ಟ್ಯೂಷನ್ ಹೇಳಿ ಗಳಿಸಿದ ಹಣವೂ ಕೈಯಲ್ಲಿ ಉಳಿಯುವುದಿಲ್ಲ.)

ಮಗಳೇ, 1977ರಲ್ಲಿ ಫೋರ್ಟ್‌ನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಲು ನಿಂತಾಗ ನನಗೆ 13 ವರ್ಷ. ಅಪ್ಪನೂ ಮುಂಬಯಿಯಲ್ಲೇ ಇದ್ದರು. ತಿಂಗಳ ಒಂದನೇ ತಾರೀಕು ಗಲ್ಲಾದ ಮುಂದೆ ಹಾಜರು. ನನ್ನ ಸಂಬಳ ಎಣಿಸಿ ಜೇಬಿಗೆ ಹಾಕಿಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದರು. ನಾನು ಒದ್ದೆ ಬಟ್ಟೆ ಹಿಡಿದು ಅದೇ ಟೇಬಲನ್ನು ಮತ್ತೆ ಮತ್ತೆ ಒರೆಸುತ್ತಿದ್ದೆ.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಧಣಿಗಳೇ ಪೋಸ್ಟಾಫೀಸಿಗೆ ಕರೆದುಕೊಂಡು ಹೋಗಿ ನನ್ನ ಹೆಸರಿನಲ್ಲಿ ಪಾಸ್‌ಬುಕ್ ಮಾಡಿಸಿದರು. ಅರ್ಧ ಸಂಬಳ ಅದಕ್ಕೆ, ಅರ್ಧ ಅಪ್ಪನಿಗೆ. ಅಪ್ಪ ಮಾಡಿದ ಗಲಾಟೆ ಕೇಳಬೇಡ! ಪಾಸ್‌ಬುಕ್ ಮಾತ್ರ ಗಲ್ಲಾದ ಡ್ರಾಯರಿನಿಂದ ಹೊರಗೆ ಬರಲಿಲ್ಲ.

ಸಂಜೆ ಕನ್ನಡ ರಾತ್ರಿ ಶಾಲೆ. ತುಂಬ ನನ್ನಂಥ ಹೋಟೆಲ್ ಹುಡುಗರೇ. ಮೇಷ್ಟ್ರು ಕೂಡ ಹಗಲು ಆಫೀಸಿನಲ್ಲಿ ದುಡಿದು ಬಂದವರು. ಬೆಂಚಿನ ಮೇಲೆ ನಿದ್ದೆ ಹೋದರೆ ಬೈಯುತ್ತಿರಲಿಲ್ಲ, ಕೊನೆಯ ಹತ್ತು ನಿಮಿಷಕ್ಕೆ ಎಬ್ಬಿಸುತ್ತಿದ್ದರು. ಎಸ್ಸೆಸ್ಸಿ ಎರಡನೇ ಸಲಕ್ಕೆ ಪಾಸಾಯಿತು. (ಗಣಿತ, ಮತ್ತೇನು!) ಗುಮಾಸ್ತನಾದೆ, ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ.

ನೀನು ಮೊದಲು ನಿನ್ನದೇ ಒಂದು ಖಾತೆ ತೆಗೆ. ಒಟಿಪಿ ನಿನ್ನ ಫೋನಿಗೇ ಬರಲಿ, ಪಾಸ್‌ಬುಕ್ ಗೆಳತಿಯ ಮನೆಯಲ್ಲಿರಲಿ. ಅದನ್ನು ಕಳ್ಳತನ ಅಂದುಕೊಳ್ಳಬೇಡ.
— ನಿವೃತ್ತ ಗುಮಾಸ್ತ, ಠಾಣೆ

ಮೇಲೆ ಬರ್ತಾರೆ. ನಾನು ಬರಲಿಲ್ಲ, ನನ್ನ ತಂಗಿ ಬಂದಳು. ಒಂದೇ ಅಪ್ಪ, ಒಂದೇ ಅಮ್ಮ, ಚಾಳಿನಲ್ಲಿ ಒಂದೇ ಖೋಲಿ. ಅವಳು ಕಾಲೇಜು ಬಿಟ್ಟ ಮೇಲೆ ರಾತ್ರಿ ಒಂಬತ್ತರವರೆಗೆ ಅಭ್ಯಾಸಿಕೆಯಲ್ಲಿ (ಮಕ್ಕಳು ಕೂತು ಓದುವ ಕೋಣೆ) ಓದುತ್ತಿದ್ದಳು. ನಾನು ಮನೆಯಲ್ಲಿದ್ದು ಜಗಳ ಬಿಡಿಸುತ್ತಿದ್ದೆ.
— ಗೃಹಿಣಿ, ಗೋರೆಗಾಂವ್

ತಂಗಿ, ನಾನು ನರ್ಸ್. ಇಂಥದೇ ಮನೆಯಿಂದ ತಪ್ಪಿಸಿಕೊಳ್ಳಲು 20ಕ್ಕೆ ಮದುವೆಯಾದೆ. ನೋಡಿದರೆ ಗಂಡನೂ ಕುಡಿಯುವವನೇ! ಮನೆ ಬಿಡಲೇಬೇಕು ಅಂತಿದ್ದರೆ ಡಿಗ್ರಿ ಮುಗಿಸಿ, ಕೆಲಸ ಹಿಡಿದು, ಹಾಸ್ಟೆಲಿಗೆ ಹೋಗು.

ಬಾಟಲಿ ಅಡಗಿಸುವುದು, ಚೆಲ್ಲುವುದು ಸುಮ್ನೆ ದಂಡ. ನಾನು ಅಕ್ಕಿ ಡಬ್ಬದಲ್ಲೂ ಹುಗಿದು ನೋಡಿದ್ದೇನೆ. ಕುಡಿಯುವವರ ಮನೆಮಂದಿಗೆಂದೇ ಅಲ್-ಅನಾನ್ ಸಭೆಗಳಿವೆ, ಫೀಸು ಇಲ್ಲ. ಅವರ ಕುಡಿತ ನಾನು ತಂದದ್ದಲ್ಲ, ನನ್ನಿಂದ ನಿಲ್ಲುವುದೂ ಇಲ್ಲ ಅಂತ ನನಗೆ ಅರ್ಥವಾದದ್ದು ಅಲ್ಲಿ. ರಾತ್ರಿ ತೀರಾ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಅಮ್ಮನ ವಿಷಯ. ನಿನ್ನಮ್ಮನಿಗೂ ಹೇಳಿಕೊಳ್ಳಲು ಯಾರೂ ಇಲ್ಲದಿರಬಹುದು. ಹಾಗಂತ ಆ ಮಾತನ್ನೆಲ್ಲ ನೀನು ಕೇಳಿಸಿಕೊಂಡೇ ಇರಬೇಕಾ? ನನ್ನಮ್ಮ ಈಗ ನನ್ನ ಜೊತೆಗೇ ಇದ್ದಾರೆ. ಮೊನ್ನೆ ನನ್ನ ಮಗಳಿಗೆ ‘ದರಿದ್ರದವಳು’ ಅಂದರು, ಥೇಟ್ ನನಗೆ ಅನ್ನುತ್ತಿದ್ದ ಹಾಗೆ. ‘ಈ ಮನೆಯಲ್ಲಿ ಆ ಮಾತು ಬೇಡಮ್ಮ’ ಅಂದೆ. ಕೈ ನಡುಗುತ್ತಿತ್ತು, ನನಗೆ 43 ವರ್ಷ! ಮಧ್ಯಾಹ್ನ ಊಟ ಬಿಟ್ಟರು. ರಾತ್ರಿ ಮಗಳು ತಟ್ಟೆ ಹಾಕಿ ಕರೆದಾಗ ಬಂದು ಕೂತರು.
— ನರ್ಸ್, ಡೊಂಬಿವಲಿ